ಅಪ್‌ಡೇಟ್: ಕಮ್ಯುನಿಟಿ ಕಾಲೇಜಿಗೆ ಸೇರಿದ್ದೇನೆ

ಮೈಸೂರಿನಲ್ಲಿ ಪಿಯುಸಿ ಮುಗಿಸಿ, ಮದುವೆಯಾಗಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಬಂದಿರುವ ನಾನು, ಸಮಾಜ ಮತ್ತು ವರ್ತನಾ ವಿಜ್ಞಾನಗಳನ್ನು ಕಮ್ಯುನಿಟಿ ಕಾಲೇಜಿನಲ್ಲಿ (ಪದವಿಯ ಮೊದಲ ಎರಡು ವರ್ಷಗಳ ಪಾಠ ಕಲಿಸುವ ಸಾರ್ವಜನಿಕ ಕಾಲೇಜು) ಓದಿದರೆ ಮುಂದೆ ವಿಶ್ವವಿದ್ಯಾಲಯಕ್ಕೆ ದಾರಿಯಿದೆಯೇ ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ನಾನು ಸಮಾಜಶಾಸ್ತ್ರಕ್ಕೆ ಸೇರಿದ್ದೇನೆ.

ದಾರಿ ಖಂಡಿತ ಇದೆ. 2010ರ ರಾಜ್ಯ ಕಾನೂನಿನಿಂದ ಬಂದ, ವಿಶ್ವವಿದ್ಯಾಲಯಕ್ಕೆ ವರ್ಗಾವಣೆಗೆಂದೇ ರೂಪಿಸಿದ ಅಸೋಸಿಯೇಟ್ ಪದವಿಯನ್ನು (ಎರಡು ವರ್ಷದ ಪದವಿ) 60 ಸೆಮಿಸ್ಟರ್ ಯೂನಿಟ್‌ಗಳಲ್ಲಿ ಮುಗಿಸಿದರೆ, ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ ವ್ಯವಸ್ಥೆಯಲ್ಲಿ ಮೂರನೆಯ ವರ್ಷಕ್ಕೆ ಪ್ರವೇಶ ಖಾತ್ರಿ; ಆದರೆ ನಾವು ಬಯಸಿದ ಕ್ಯಾಂಪಸ್ಸೇ ಸಿಗುತ್ತದೆಂಬ ಭರವಸೆಯಿಲ್ಲ. ಆದ್ದರಿಂದ ಮೊದಲ ಅವಧಿಯಲ್ಲೇ ಕೌನ್ಸೆಲರ್ ಜೊತೆ ಕುಳಿತು ಯಾವ ಕೋರ್ಸ್ ಎಲ್ಲಿ ಮಾನ್ಯವಾಗುತ್ತದೆ ಎಂದು ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಸಂಖ್ಯಾಶಾಸ್ತ್ರಕ್ಕೆ ಹೆದರಬೇಡಿ ಎಂದು ಒಬ್ಬರು ಬರೆದಿದ್ದರು, ಅದು ನಿಜ. ಸರಾಸರಿ ಆದಾಯ ಏರಿದರೂ ಮಧ್ಯಾಂಕ (ಆದಾಯಗಳನ್ನು ಏರಿಕೆ ಕ್ರಮದಲ್ಲಿ ಜೋಡಿಸಿದಾಗ ನಡುವೆ ಬರುವ ಬೆಲೆ) ಅಲ್ಲೇ ನಿಂತಿರಬಹುದು ಎಂಬುದನ್ನು ಕೈಯಾರೆ ಲೆಕ್ಕ ಹಾಕಿ ನೋಡಿದಾಗ, ಅಸಮಾನತೆಯ ಪಾಠ ನನಗೆ ಸ್ಪಷ್ಟವಾಯಿತು.

ಮೈಸೂರಿನವರೇ ಆದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಬಗ್ಗೆ ತರಗತಿಯಲ್ಲಿ ಮಾತನಾಡುವ ಅವಕಾಶವೂ ದೊರೆಯಿತು. ಸ್ಯಾನ್ ಹೋಸೆಯಿಂದ ದೂರವಲ್ಲದ ಸ್ಟ್ಯಾನ್‌ಫರ್ಡ್‌ನ ವರ್ತನಾ ವಿಜ್ಞಾನ ಕೇಂದ್ರದಲ್ಲಿ 1970ರಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಮೈಸೂರು ಬಳಿಯ ರಾಂಪುರ ಹಳ್ಳಿಯ ಅಧ್ಯಯನದಿಂದ ಅವರು ಸಿದ್ಧಪಡಿಸಿದ್ದ ಟಿಪ್ಪಣಿಗಳು ಆಹುತಿಯಾದವು, ಆದರೂ ಅವರು ಮುಖ್ಯವಾಗಿ ನೆನಪನ್ನೇ ನಂಬಿ ಆ ಹಳ್ಳಿಯ ಬದುಕನ್ನು ಬರೆದರು ಎಂದಾಗ ಸಹಪಾಠಿಗಳು ಬಹಳ ಹೊತ್ತು ಪ್ರಶ್ನೆ ಕೇಳಿದರು. ಮುಂದಿನ ಅವಧಿಗೆ ಸಂಶೋಧನಾ ವಿಧಾನಗಳ ಕೋರ್ಸ್ ತೆಗೆದುಕೊಳ್ಳುತ್ತಿದ್ದೇನೆ.