ಮೊದಲ ಡಿಎಸ್‌ಎಲ್‌ಆರ್: ನಲವತ್ತು ಸಾವಿರದೊಳಗೆ ಯಾವುದನ್ನು ಕೊಳ್ಳಲಿ?

ಪ್ರಶ್ನೆ (ಸಾಗರದಿಂದ)

ನಾನು ಸಾಗರದ ಸಮೀಪದ ಪ್ರೌಢಶಾಲೆಯೊಂದರಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಇಲ್ಲಿಯವರೆಗೆ ಮೊಬೈಲಿನಲ್ಲಿಯೇ ಫೋಟೊ ತೆಗೆಯುತ್ತಿದ್ದೆ. ಈಗ ಲೆನ್ಸ್ ಬದಲಿಸಬಹುದಾದ, ಒಳಗೆ ಕನ್ನಡಿಯಿರುವ ಡಿಎಸ್‌ಎಲ್‌ಆರ್ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದಿದ್ದೇನೆ. ಇಕ್ಕೇರಿ ಮತ್ತು ಕೆಳದಿಯ ದೇವಾಲಯಗಳ ಕೆತ್ತನೆಗಳನ್ನು ಮಕ್ಕಳಿಗೆ ತೋರಿಸುವಂತೆ ಸ್ಪಷ್ಟವಾಗಿ ಸೆರೆಹಿಡಿಯುವುದು, ರಾತ್ರಿಯ ಯಕ್ಷಗಾನದ ಚಿತ್ರ ತೆಗೆಯುವುದು, ಸಾಧ್ಯವಾದರೆ ಗುಡವಿಯ ಹಕ್ಕಿಗಳು, ಇವು ನನ್ನ ಆಸೆಗಳು. ಎಲ್ಲ ಸೇರಿ 40,000 ರೂಪಾಯಿ ಮೀರುವಂತಿಲ್ಲ. ಅಂಗಡಿಯವರು ಕ್ಯಾನನ್ 3000ಡಿ ತೆಗೆದುಕೊಂಡರೆ ಬ್ಯಾಗು, ಟ್ರೈಪಾಡು, ಮೆಮೊರಿ ಕಾರ್ಡು ಉಚಿತ ಎನ್ನುತ್ತಾರೆ. ಸಹೋದ್ಯೋಗಿಯೊಬ್ಬರು ಬಳಸಿದ ನಿಕಾನ್ ಡಿ3500 ಹುಡುಕಿ ಎನ್ನುತ್ತಾರೆ. ಅಮೆರಿಕದಲ್ಲಿರುವ ಭಾವಮೈದುನ ಅಲ್ಲಿಂದಲೇ ತರುತ್ತೇನೆ ಎನ್ನುತ್ತಿದ್ದಾನೆ. ನಾನು ಕನ್ನಡಕ ಹಾಕುವವನು ಎಂಬುದನ್ನೂ ಹೇಳಿಬಿಡುತ್ತೇನೆ. ಬಳಸಿದವರು ದಯವಿಟ್ಟು ತಮ್ಮ ಅನುಭವ ತಿಳಿಸಬೇಕು.

ಉಡುಪಿಯಿಂದ

ಮದುವೆ, ಉಪನಯನಗಳ ಫೋಟೊ ತೆಗೆಯುವುದು ನನ್ನ ವೃತ್ತಿ. ಬಿಡುವಿದ್ದಾಗ ಆಟದ ಚೌಕಿಯಲ್ಲಿರುತ್ತೇನೆ. ಆದ್ದರಿಂದ ನಿಮ್ಮ ಪಟ್ಟಿಯಲ್ಲಿ ಯಕ್ಷಗಾನದ ವಿಷಯವಾಗಿ ಸ್ವಲ್ಪ ಅಧಿಕಾರದಿಂದಲೇ ಹೇಳಬಲ್ಲೆ.

ಮೊದಲು 3000ಡಿಯ ಮಾತು. ಅದರ ಚಿತ್ರ ಕೆಟ್ಟದ್ದೇನಲ್ಲ, 18 ಮೆಗಾಪಿಕ್ಸೆಲ್ ನಿಮ್ಮ ತರಗತಿಯ ಗೋಡೆಯ ಮೇಲೆ ಹಾಕುವಷ್ಟು ದೊಡ್ಡ ಮುದ್ರಣಕ್ಕೂ ಸಾಕು. ಆದರೆ ಬೆಲೆ ಇಳಿಸಲು ಕಂಪನಿಯವರು ಎಲ್ಲೆಲ್ಲಿ ಕತ್ತರಿ ಹಾಕಿದ್ದಾರೆ ಎಂಬುದನ್ನು ನೋಡಿ. ಲೆನ್ಸ್ ಕೂರುವ ಬಳೆ ಲೋಹದ್ದಲ್ಲ, ಪ್ಲಾಸ್ಟಿಕ್ಕಿನದು. ಹಿಂಬದಿಯ ಪರದೆ 2.7 ಇಂಚಿನದು. ಎಲ್ಲಕ್ಕಿಂತ ಮುಖ್ಯವಾಗಿ, ಕಣ್ಣಿಟ್ಟು ನೋಡುವ ಕಿಂಡಿಯಾದ ವ್ಯೂಫೈಂಡರಿನ ಪಕ್ಕದಲ್ಲಿ ಕಣ್ಣಿನ ಪವರಿಗೆ ತಕ್ಕಂತೆ ತಿರುಗಿಸಿಕೊಳ್ಳುವ ಸಣ್ಣ ಗಾಲಿ ಅದರಲ್ಲಿಲ್ಲ. ಕನ್ನಡಕ ತೆಗೆದು ನೋಡಬೇಕೆಂದರೆ ನಿಮಗೆ ಬೇಕಾಗುವುದು ಅದೇ ಗಾಲಿ. 1500ಡಿಯಲ್ಲಿ ಅದಿದೆ, ಲೋಹದ ಬಳೆಯಿದೆ, 3 ಇಂಚಿನ ಪರದೆಯಿದೆ, 24.1 ಮೆಗಾಪಿಕ್ಸೆಲ್ ಇದೆ. ಎರಡೂ 2018ರಲ್ಲಿ ಬಂದ ಕ್ಯಾಮೆರಾಗಳು. ಅವುಗಳ ನಡುವಿನ ಬೆಲೆಯ ಅಂತರವನ್ನು ಆ ಉಚಿತ ಬ್ಯಾಗು ಮತ್ತು ಟ್ರೈಪಾಡು ತುಂಬಿಕೊಡಲಾರವು. ಹಾಗೆ ಕೊಡುವ ಟ್ರೈಪಾಡಿನ ಮೇಲೆ ನಾನಂತೂ ನನ್ನ ಕ್ಯಾಮೆರಾ ಇಟ್ಟು ಕೈ ಬಿಡುವುದಿಲ್ಲ.

ಆದರೆ ಬಾಡಿಗಿಂತಲೂ, ಅಂದರೆ ಲೆನ್ಸಿಲ್ಲದ ಬರಿ ಕ್ಯಾಮೆರಾಕ್ಕಿಂತಲೂ, ದೊಡ್ಡ ಪ್ರಶ್ನೆ ಲೆನ್ಸಿನದು, ಮತ್ತು ಕೊಳ್ಳುವವರು ಬಹುಪಾಲು ಅದನ್ನು ಕೊನೆಗೆ ಕೇಳುತ್ತಾರೆ. ಕ್ಯಾಮೆರಾ ಜೊತೆ ಬರುವ 18-55 ಮಿಮೀ ಕಿಟ್ ಲೆನ್ಸನ್ನು 55ಕ್ಕೆ ಎಳೆದಾಗ ಬೆಳಕು ಒಳಬರುವ ಅದರ ಕಿಂಡಿ, ಅಂದರೆ ಅಪರ್ಚರ್, ಎಫ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ (ಎಫ್ ಅಂಕಿ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು). ಕ್ಯಾನನ್ನಿನ 50 ಮಿಮೀ ಎಫ್ 1.8 ಎಸ್‌ಟಿಎಂ ಲೆನ್ಸು ಅದರ ಒಂಬತ್ತು-ಹತ್ತು ಪಟ್ಟು ಬೆಳಕನ್ನು ಒಳಗೆ ಬಿಡುತ್ತದೆ. ರಂಗಸ್ಥಳದಲ್ಲಿ ಇದರ ಅರ್ಥವೇನು ಎಂದು ನೋಡಿ. ಕೇದಗೆ ಮುಂದಲೆ ಕಟ್ಟಿದ ಪುಂಡುವೇಷ ಮಂಡಿ ಹಾಕಿ ಗಿರ್ರನೆ ತಿರುಗುವಾಗ ಮುಖ ನಿಚ್ಚಳವಾಗಿ ಬರಬೇಕಾದರೆ ಶಟರ್ ವೇಗ (ಬೆಳಕು ಒಳಬರುವ ಅವಧಿ) ಸೆಕೆಂಡಿನ 250ನೇ ಒಂದು ಭಾಗದ ಆಸುಪಾಸಿನಲ್ಲಿರಬೇಕು. ಅದೇ ಬೆಳಕಿನಲ್ಲಿ, ಅದೇ ಐಎಸ್‌ಒದಲ್ಲಿ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) ಕಿಟ್ ಲೆನ್ಸ್ ಕೊಡುವುದು 25ನೇ ಒಂದು ಭಾಗ ಮಾತ್ರ. ವೇಷದ ಬದಲು ಕೆಂಪು, ಹಳದಿ ಬಣ್ಣದ ಗೆರೆಗಳು ಸಿಗುತ್ತವೆ. ಇದಕ್ಕೆ ಕ್ಯಾಮೆರಾವನ್ನು ದೂರಿ ಪ್ರಯೋಜನವಿಲ್ಲ. ಈಚೆಗೆ ರಂಗಸ್ಥಳಕ್ಕೆ ಎಲ್‌ಇಡಿ ದೀಪಗಳು ಬಂದಿರುವುದರಿಂದ ವೇಗ ಹೆಚ್ಚಿಸಿದಾಗ ಚಿತ್ರದಲ್ಲಿ ಅಡ್ಡ ಪಟ್ಟೆಗಳು ಕಾಣಿಸಿಕೊಳ್ಳುವುದುಂಟು. ನಮ್ಮ ವಿದ್ಯುತ್ತು 50 ಹರ್ಟ್ಜಿನದ್ದಾದ್ದರಿಂದ ಅಂಥ ಕಡೆ 100ನೇ ಒಂದು ಭಾಗಕ್ಕೆ ಇಳಿಸಿ, ಕುಣಿತದ ನಡುವೆ ವೇಷ ಅರೆಕ್ಷಣ ನಿಲ್ಲುವ ಹೊತ್ತಿಗಾಗಿ ಕಾಯಬೇಕು. ತಾಳ ಬಲ್ಲವರಿಗೆ ಆ ಹೊತ್ತು ಮೊದಲೇ ತಿಳಿಯುತ್ತದೆ.

ಇಕ್ಕೇರಿಯ ಅಘೋರೇಶ್ವರ ದೇವಾಲಯದೊಳಗೆ ಲೆಕ್ಕ ಬೇರೆ. ಕಲ್ಲು ಅಲುಗುವುದಿಲ್ಲ, ಅಲುಗುವುದು ನಿಮ್ಮ ಕೈ. ಅಲ್ಲಿ ದೊಡ್ಡ ಅಪರ್ಚರಿಗಿಂತ, ಕೈಯ ನಡುಕವನ್ನು ಲೆನ್ಸಿನೊಳಗೇ ಸರಿದೂಗಿಸುವ ಐಎಸ್ ಸೌಲಭ್ಯ ಹೆಚ್ಚು ಉಪಯುಕ್ತ. 18 ಮಿಮೀ ಕಡೆಗೆ ಇಟ್ಟು, ಕಂಬಕ್ಕೆ ಹೆಗಲು ಒರಗಿಸಿ, ಉಸಿರು ಬಿಗಿಹಿಡಿದರೆ ಸೆಕೆಂಡಿನ 8ನೇ ಒಂದು ಭಾಗದಲ್ಲೂ ಚೊಕ್ಕವಾದ ಚಿತ್ರ ಬರುತ್ತದೆ. ಪುರಾತತ್ತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಪ್ರತ್ಯೇಕ ಅನುಮತಿ ಬೇಕಾಗುವುದರಿಂದ ಉಚಿತ ಟ್ರೈಪಾಡು ಅಲ್ಲಿಯೂ ಉಪಯೋಗಕ್ಕೆ ಬಾರದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನೋಡಲು ಒಂದೇ ತರಹದ ಎರಡು 18-55 ಲೆನ್ಸುಗಳನ್ನು ಕ್ಯಾನನ್ ಮಾಡಿದೆ. ಒಂದರ ಮೇಲೆ ‘ಐಎಸ್’ ಎಂದು ಬರೆದು ಪಕ್ಕದಲ್ಲಿ ರೋಮನ್ ಅಂಕಿಯಲ್ಲಿ ಎರಡು ಎಂದಿರುತ್ತದೆ. ಇನ್ನೊಂದರ ಮೇಲೆ ಐಎಸ್ ಇಲ್ಲದೆ ಮೂರು ಎಂದಷ್ಟೇ ಇರುತ್ತದೆ. ಎರಡಕ್ಕಿಂತ ಮೂರು ಹೊಸದು, ಹೊಸದು ಮೇಲು ಎಂದು ಭಾವಿಸಿದರೆ ನಡುಕ ತಡೆಯದ ಲೆನ್ಸು ಮನೆಗೆ ಬರುತ್ತದೆ.

ಮೈಸೂರಿನಿಂದ

ಹಕ್ಕಿಗಳ ವಿಷಯದಲ್ಲಿ ನಿಮಗೆ ಸ್ವಲ್ಪ ನಿರಾಸೆ ಮಾಡಬೇಕಾಗಿದೆ. ಈ ಕ್ಯಾಮೆರಾಗಳಲ್ಲಿ ಚಿತ್ರ ಮೂಡುವ ಸೆನ್ಸರ್ ಹಳೆಯ ಫಿಲ್ಮಿನ ಚೌಕಕ್ಕಿಂತ ಚಿಕ್ಕದಾದ್ದರಿಂದ ಕ್ಯಾನನ್ನಿನಲ್ಲಿ 1.6 ಪಟ್ಟು, ನಿಕಾನ್ನಿನಲ್ಲಿ 1.5 ಪಟ್ಟು ಹೆಚ್ಚು ಹತ್ತಿರದ ನೋಟ ಸಿಗುತ್ತದೆ. 55-250 ಮಿಮೀ ಲೆನ್ಸು ಹಾಕಿದರೆ ಫಿಲ್ಮಿನ ಲೆಕ್ಕದಲ್ಲಿ 400 ಮಿಮೀ ಆಯಿತು. ರಂಗನತಿಟ್ಟಿನಲ್ಲಿ ದೋಣಿ ಗೂಡುಗಳ ಸಮೀಪಕ್ಕೇ ಹೋಗುವುದರಿಂದ ಇಷ್ಟರಲ್ಲಿಯೇ ಬಣ್ಣದ ಕೊಕ್ಕರೆಯ ರೆಕ್ಕೆಯ ಗುಲಾಬಿ ಗರಿಗಳನ್ನು ಬಿಡಿಬಿಡಿಯಾಗಿ ತೆಗೆಯಬಹುದು. ಆದರೆ ಗುಡವಿಯಲ್ಲಿ ನೀವು ದಂಡೆಯಲ್ಲಿ, ಹಕ್ಕಿಗಳು ಕೆರೆಯ ನಡುವಿನ ಮರಗಳಲ್ಲಿ. ಅಲ್ಲಿ 250 ಮಿಮೀಗೆ ಸಿಗುವುದು ಮರದ ತುಂಬ ಕುಳಿತ ಹಿಂಡಿನ ಚಿತ್ರವೇ ಹೊರತು ಒಂಟಿ ಹಕ್ಕಿಯ ಕಣ್ಣಲ್ಲ. ಹಿಂಡಿನ ಚಿತ್ರವೂ ಚೆಂದವೇ, ಅದು ಬೇರೆ ಮಾತು.

ಆದ್ದರಿಂದ ಈ 40,000ದಲ್ಲಿ ಹಕ್ಕಿಗಳನ್ನು ಸೇರಿಸಬೇಡಿ. ಎರಡು ಲೆನ್ಸಿನ ಕಿಟ್ ಆಸೆಗೆ ಬಿದ್ದು ದೂರದ ಲೆನ್ಸನ್ನು ಮೊದಲೇ ಕೊಂಡವರು ಅದನ್ನು ವರ್ಷದಲ್ಲಿ ಒಂದೆರಡು ಪ್ರವಾಸಗಳಿಗೆ ಮಾತ್ರ ಹೊರತೆಗೆಯುವುದನ್ನು ನಮ್ಮ ಹಕ್ಕಿ ನೋಡುವವರ ಬಳಗದಲ್ಲೇ ಕಂಡಿದ್ದೇನೆ. ನಿಮ್ಮ ನಿತ್ಯದ ವಿಷಯ ಕಲ್ಲು ಮತ್ತು ವೇಷ. ಹಣವೂ ಅಲ್ಲಿಗೇ ಹೋಗಲಿ.

ತೀರ್ಥಹಳ್ಳಿಯಿಂದ

ನಿಮ್ಮ ಸಹೋದ್ಯೋಗಿ ಹೇಳಿದ ಡಿ3500 ನನ್ನ ಬಳಿ ಇದೆ. ನಿಕಾನ್ ಇದರ ತಯಾರಿಕೆಯನ್ನು ನಿಲ್ಲಿಸಿದೆ, ಹಾಗಾಗಿ ಬಳಸಿದ್ದನ್ನೇ ಹುಡುಕಬೇಕು. ಹುಡುಕುವುದು ಸಾರ್ಥಕ ಎಂದೇ ನನ್ನ ಅಭಿಪ್ರಾಯ. 1500ಡಿಯಲ್ಲಿ ಫೋಕಸ್ ಬಿಂದುಗಳು 9, ಇದರಲ್ಲಿ 11. ಅದು ಸೆಕೆಂಡಿಗೆ 3 ಚಿತ್ರ ತೆಗೆದರೆ ಇದು 5 ತೆಗೆಯುತ್ತದೆ. ಬ್ಯಾಟರಿಯಂತೂ ಕಂಪನಿಯ ಅಳತೆಯಲ್ಲಿ 1,550 ಚಿತ್ರಗಳಿಗೆ ಬರುತ್ತದೆ, 1500ಡಿಯದು 500ಕ್ಕೆ. ಮಳೆಗಾಲದಲ್ಲಿ ನಮ್ಮಲ್ಲಿ ಕರೆಂಟು ಯಾವಾಗ ಹೋಗುತ್ತದೆ, ಯಾವಾಗ ಬರುತ್ತದೆ ಎಂಬುದು ನಿಮಗೆ ಹೇಳಬೇಕಾಗಿಲ್ಲ.

ಒಂದು ತೊಡಕೂ ಇದೆ. ಡಿ3500ರ ಬಾಡಿಯೊಳಗೆ ಫೋಕಸ್ ಮೋಟಾರ್ ಇಲ್ಲ. ಲೆನ್ಸಿನಲ್ಲಿಯೇ ಮೋಟಾರ್ ಇರಬೇಕು. ಹಳೆಯ 50 ಮಿಮೀ ಎಫ್ 1.8ಡಿ ಲೆನ್ಸು ಅಗ್ಗಕ್ಕೆ ಸಿಗುತ್ತದೆಂದು ಕೊಂಡರೆ ಅದು ಕ್ಯಾಮೆರಾಕ್ಕೆ ಸರಿಯಾಗಿ ಕೂರುತ್ತದೆ, ಚಿತ್ರವನ್ನೂ ಕೊಡುತ್ತದೆ, ಆದರೆ ಫೋಕಸನ್ನು ನೀವೇ ಕೈಯಿಂದ ತಿರುಗಿಸಬೇಕು. ಹೆಸರಿನಲ್ಲಿ ಎಎಫ್-ಎಸ್ ಅಥವಾ ಎಎಫ್-ಪಿ ಎಂದಿರುವುದನ್ನೇ ಆರಿಸಿ. 35 ಮಿಮೀ ಎಫ್ 1.8ಜಿ ಡಿಎಕ್ಸ್ ಲೆನ್ಸು ಈ ಕ್ಯಾಮೆರಾಕ್ಕೆ ಹೇಳಿ ಮಾಡಿಸಿದಂತಿದೆ. ದೇವಾಲಯದ ನವರಂಗದಲ್ಲಿ ನಿಂತು ತೆಗೆಯುವಾಗ 50 ಮಿಮೀ ತೀರ ಇಕ್ಕಟ್ಟೆನಿಸುತ್ತದೆ.

ಬಳಸಿದ್ದನ್ನು ಕೊಳ್ಳುವಾಗ ಎರಡು ಪರೀಕ್ಷೆಗಳನ್ನು ಮಾಡದೆ ಹಣ ಕೊಡಬೇಡಿ. ಮೊದಲನೆಯದು, ಅಪರ್ಚರನ್ನು ಎಫ್ 16ಕ್ಕೆ ಇಟ್ಟು ಬಿಳಿ ಗೋಡೆಯ ಚಿತ್ರ ತೆಗೆದು ದೊಡ್ಡದು ಮಾಡಿ ನೋಡಿ. ಸೆನ್ಸರ್ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಗಳಾಗಿ ಕಾಣುತ್ತದೆ. ಡಿ3500ಕ್ಕೆ ಸೆನ್ಸರನ್ನು ತಾನೇ ಕೊಡವಿಕೊಳ್ಳುವ ವ್ಯವಸ್ಥೆಯಿಲ್ಲದ ಕಾರಣ ಇದು ಮುಖ್ಯ. ಎರಡನೆಯದು, ಲೆನ್ಸನ್ನು ಕಳಚಿ, ಒಂದು ಬದಿಯಿಂದ ಮೊಬೈಲ್ ಟಾರ್ಚಿನ ಬೆಳಕು ಬಿಟ್ಟು ಇನ್ನೊಂದು ಬದಿಯಿಂದ ಓರೆಯಾಗಿ ನೋಡಿ. ಗಾಜಿನ ಅಂಚಿನಲ್ಲಿ ಜೇಡರ ಬಲೆಯ ಎಳೆಗಳಂತೆ ಕಂಡರೆ ಅದು ಬೂಸ್ಟು. ನಮ್ಮ ಮಲೆನಾಡಿನ ಲೆನ್ಸುಗಳಿಗೆ ಅದಕ್ಕಿಂತ ದೊಡ್ಡ ಶತ್ರುವಿಲ್ಲ. ಅಂಥದ್ದನ್ನು ಎಷ್ಟೇ ಅಗ್ಗವಾದರೂ ತರಬೇಡಿ. ಎಷ್ಟು ಚಿತ್ರ ತೆಗೆದಿದ್ದಾರೆ ಎಂಬ ಶಟರ್ ಎಣಿಕೆ ನಿಕಾನ್ನಿನಲ್ಲಿ ಚಿತ್ರದ ಕಡತದೊಳಗೇ ದಾಖಲಾಗಿರುತ್ತದೆ, ಮಾರುವವರ ಬಾಯಿಮಾತನ್ನು ನಂಬಬೇಕಾಗಿಲ್ಲ.

ಹೊಸದಿರಲಿ ಹಳೆಯದಿರಲಿ, ಜೂನ್ ತಿಂಗಳಿಗೆ ಮುಂಚೆ ಗಾಳಿಯಾಡದ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ, ಸಿಲಿಕಾ ಜೆಲ್ ಮತ್ತು ತೇವಾಂಶ ತೋರಿಸುವ ಪುಟ್ಟ ಮಾಪಕ ತೆಗೆದಿಡಿ. ಮಾಪಕ ಶೇಕಡಾ 40ರಿಂದ 50ರ ನಡುವೆ ಇರಲಿ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬೆಚ್ಚಗೆ ಮಾಡಿದರಾಯಿತು, ಮತ್ತೆ ನೀಲಿಯಾಗುತ್ತದೆ. ಆ ಬಾಣಲೆಯನ್ನು ಮಾತ್ರ ಮತ್ತೆ ಅಡುಗೆಗೆ ಬಳಸಬಾರದು.

ಬೆಂಗಳೂರಿನಿಂದ

ಇನ್ನು ಮುಂದೆ ಡಿಎಸ್‌ಎಲ್‌ಆರ್ ಕೊಳ್ಳುವುದೇ ತಪ್ಪು, ಒಳಗೆ ಕನ್ನಡಿಯಿಲ್ಲದ ಮಿರರ್‌ಲೆಸ್ ಕೊಳ್ಳಿ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಆ ಮಾತನ್ನು ನಾನೇ ಎತ್ತಿ, ಅದು ಎಷ್ಟು ನಿಜ ಎಂದು ಹೇಳುತ್ತೇನೆ. ಕ್ಯಾನನ್, ನಿಕಾನ್ ಎರಡೂ ಹೊಸ ಲೆನ್ಸುಗಳನ್ನು ಈಗ ಮಿರರ್‌ಲೆಸ್ ಕ್ಯಾಮೆರಾಗಳಿಗಾಗಿಯೇ ತಯಾರಿಸುತ್ತಿವೆ ಎಂಬುದು ನಿಜ. ಆದರೆ ಹೊಸ ಮಿರರ್‌ಲೆಸ್ ಬಾಡಿ ಮತ್ತು ಅದಕ್ಕೊಂದು ಎಫ್ 1.8 ಲೆನ್ಸು ನಿಮ್ಮ ಹಣಕ್ಕೆ ಒಟ್ಟಿಗೆ ಸಿಗುವುದು ಕಷ್ಟ.

ಇಂದು ಕೊಂಡ ಲೆನ್ಸು ನಾಳೆ ವ್ಯರ್ಥವಾಗುತ್ತದೆಯೇ ಎಂದರೆ, ಇಲ್ಲ. ಡಿಎಸ್‌ಎಲ್‌ಆರ್ ಒಳಗೆ ಕನ್ನಡಿ ಕುಣಿಯಲು ಜಾಗ ಬೇಕಾದ್ದರಿಂದ ಲೆನ್ಸಿಗೂ ಸೆನ್ಸರಿಗೂ ನಡುವೆ ಕ್ಯಾನನ್ನಿನಲ್ಲಿ 44 ಮಿಮೀ ಅಂತರವಿದೆ. ಕನ್ನಡಿಯಿಲ್ಲದ ಆರ್ ಸರಣಿಯಲ್ಲಿ ಅದು 20 ಮಿಮೀಗೆ ಇಳಿದಿದೆ. ಉಳಿದ 24 ಮಿಮೀಯನ್ನು ತುಂಬುವ ಅಡಾಪ್ಟರ್ ಹಾಕಿದರೆ ಹಳೆಯ ಲೆನ್ಸು ಹೊಸ ಕ್ಯಾಮೆರಾದಲ್ಲಿ ಆಟೋಫೋಕಸ್ ಸಹಿತ ಕೆಲಸ ಮಾಡುತ್ತದೆ. ಮಿರರ್‌ಲೆಸ್ ಲೆನ್ಸನ್ನು ಡಿಎಸ್‌ಎಲ್‌ಆರ್‌ಗೆ ಹಾಕಲು ಮಾತ್ರ ಬರುವುದಿಲ್ಲ.

ವಿಡಿಯೊ ಬಹಳ ಮುಖ್ಯವಾದರೆ 2019ರ 200ಡಿ ಮಾರ್ಕ್ 2 ನೋಡಿ: ತಿರುಗುವ ಟಚ್ ಪರದೆ, ಮೈಕ್ ಸಿಕ್ಕಿಸುವ ತೂತು, ಪರದೆ ನೋಡಿಕೊಂಡು ತೆಗೆಯುವಾಗಲೂ ಚುರುಕಾದ ಫೋಕಸ್ ಅದರಲ್ಲಿವೆ. ನಿಮ್ಮ ಪ್ರಶ್ನೆಯಲ್ಲಿ ವಿಡಿಯೊ ಇಲ್ಲ, ಆದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ನ್ಯೂಜೆರ್ಸಿಯಿಂದ

ಇಲ್ಲಿ 1500ಡಿಯನ್ನು ರೆಬೆಲ್ ಟಿ7 ಎಂಬ ಹೆಸರಿನಲ್ಲಿ ಮಾರುತ್ತಾರೆ, ಯುರೋಪಿನಲ್ಲಿ 2000ಡಿ ಎಂದು. ಮೂರೂ ಒಂದೇ. ನನ್ನ ಬಂಧುಗಳಿಗಾಗಿ ಇಲ್ಲಿಂದ ಕ್ಯಾಮೆರಾ ಒಯ್ದಿದ್ದೇನೆ. ಆದರೆ ಇಲ್ಲಿನ ವಾರಂಟಿ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ, ಮೊದಲ ವರ್ಷದಲ್ಲೇ ಕೆಟ್ಟರೆ ರಿಪೇರಿಯ ಪೂರ್ತಿ ಹಣ ನಿಮ್ಮದೇ. ಭಾವಮೈದುನನಿಂದ ಏನಾದರೂ ತರಿಸಿಕೊಳ್ಳಲೇಬೇಕಾದರೆ ಬಾಡಿಯ ಬದಲು ಲೆನ್ಸನ್ನು ತರಿಸಿ, ಅದು ಕೆಡುವ ಸಂಭವ ಕಡಿಮೆ.

ಸಾಗರದಿಂದ

ಎಲ್ಲರಿಗೂ ಕೃತಜ್ಞತೆಗಳು. 1500ಡಿ ಮತ್ತು ಐಎಸ್ ಇರುವ ಕಿಟ್ ಲೆನ್ಸು, ಹಣ ಉಳಿದಂತೆ 50 ಮಿಮೀ, ಹೀಗೆ ನಿರ್ಧರಿಸಿದ್ದೇನೆ. ಹಕ್ಕಿಗಳು ಕಾಯಲಿ. ಶಾಲೆಯಲ್ಲಿ ಹಿಂದಿನ ಡ್ರಾಯಿಂಗ್ ಮೇಷ್ಟ್ರು ಬಿಟ್ಟುಹೋದ ಹಳೆಯ ಫ್ಲ್ಯಾಶ್ ಒಂದಿದೆ. ವಾರ್ಷಿಕೋತ್ಸವಕ್ಕೆ ಅದನ್ನು ಇದಕ್ಕೆ ಹಾಕಬಹುದೇ?

ಉಡುಪಿಯಿಂದ

ಬೇಡ ಸರ್. ಕ್ಯಾಮೆರಾದ ತಲೆಯ ಮೇಲೆ ಫ್ಲ್ಯಾಶ್ ಕೂರಿಸುವ ಜಾಗದ ನಟ್ಟನಡುವೆ ಒಂದು ದೊಡ್ಡ ಲೋಹದ ಬಿಂದು ಇರುತ್ತದೆ. ಬಹುಪಾಲು ಹಳೆಯ ಫ್ಲ್ಯಾಶುಗಳು ಸಂಕೇತ ಪಡೆಯುವುದು ಅದರಿಂದಲೇ. 1500ಡಿ, 3000ಡಿ, 200ಡಿ ಮಾರ್ಕ್ 2 ಮೂರರಲ್ಲೂ ಕ್ಯಾನನ್ ಆ ಬಿಂದುವನ್ನು ತೆಗೆದುಹಾಕಿದೆ. ಹಳೆಯ ಫ್ಲ್ಯಾಶ್ ಕೂರುತ್ತದೆ, ಬೆಳಗುವುದಿಲ್ಲ. ಈ ಮಾದರಿಗಳಿಗೆ ಹೊಂದುತ್ತದೆ ಎಂದು ಸ್ಪಷ್ಟವಾಗಿ ನಮೂದಿಸಿದ ಫ್ಲ್ಯಾಶನ್ನೇ ಕೊಳ್ಳಬೇಕು, ಅದನ್ನೂ ನಿಮ್ಮ ಕ್ಯಾಮೆರಾದ ಮೇಲೆಯೇ ಇಟ್ಟು ಅಂಗಡಿಯಲ್ಲಿ ಒಮ್ಮೆ ಬೆಳಗಿಸಿ ನೋಡಬೇಕು. ವಾರ್ಷಿಕೋತ್ಸವಕ್ಕೆ ಸದ್ಯ 50 ಮಿಮೀ ಲೆನ್ಸು, ಐಎಸ್‌ಒ 1600 ಮತ್ತು ವೇದಿಕೆಯ ಮುಂದಿನ ಸಾಲಿನಲ್ಲಿ ಒಂದು ಕುರ್ಚಿ ಸಾಕು.