ಸಹಾಯ ಬೇಕು: ಶಾಲೆ ಜೊತೆಗೆ ಮನೆಯಲ್ಲೇ ಜಪಾನೀಸ್ ಕಲಿಯುತ್ತಿದ್ದೇನೆ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದೇನೆ. ನಮ್ಮ ಮನೆ ಹತ್ತಿರ ಜಪಾನೀಸ್ ಹೇಳಿಕೊಡುವವರು ಯಾರೂ ಸಿಗಲಿಲ್ಲ. ಅದಕ್ಕೇ ಅಮ್ಮನ ಫೋನಿನಲ್ಲಿ ನೋಡಿಕೊಂಡು ಕಲಿಯುತ್ತಿದ್ದೇನೆ. ಜಪಾನೀಸ್ ಲಿಪಿಗಳಾದ ಹಿರಗಾನ, ಕಟಕಾನ ಎರಡೂ ಓದಲು ಬರುತ್ತದೆ.

ವಾಕ್ಯ ಕಟ್ಟುವುದು ಅಷ್ಟು ಕಷ್ಟ ಅನ್ನಿಸಲಿಲ್ಲ. 'ಮಿಜು ಒ ನೊಮಿಮಾಸು' ಅಂದರೆ 'ನೀರನ್ನು ಕುಡಿಯುತ್ತೇನೆ'. ನಮ್ಮ ಹಾಗೇ ಕ್ರಿಯಾಪದ ಕೊನೆಗೆ ಬರುತ್ತದೆ, 'ಅನ್ನು' ಇರುವ ಜಾಗದಲ್ಲಿ 'ಒ'. ಕನ್ನಡದಲ್ಲೇ ಯೋಚಿಸಿದರೆ ಬೇಗ ತಲೆಗೆ ಹತ್ತುತ್ತದೆ. ಆದರೆ ಹೀಗೇ ಪದದ ನಂತರ ಸೇರಿಸುವ 'ವಾ' ಎಲ್ಲಿ, 'ಗಾ' ಎಲ್ಲಿ ಅನ್ನುವುದು ಇನ್ನೂ ಗೊಂದಲ.

ಜಾಸ್ತಿ ತಲೆನೋವು ಕಾಂಜಿಯದ್ದು, ಅಂದರೆ ಚೀನೀ ಮೂಲದ ಅಕ್ಷರಗಳದ್ದು. ಭಾನುವಾರಕ್ಕೆ 'ನಿಚಿಯೋಬಿ' ಅಂತಾರೆ. ಬರೆಯುವಾಗ ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಒಂದೇ. ಓದುವಾಗ ಮಾತ್ರ ಮೊದಲು 'ನಿಚಿ', ಕೊನೆಗೆ 'ಬಿ'! ಪ್ರತಿ ಅಕ್ಷರದ ಎಲ್ಲ ಉಚ್ಚಾರಣೆಯನ್ನೂ ಬಾಯಿಪಾಠ ಮಾಡಬೇಕಾ, ಪದಗಳ ಜೊತೆಗೇ ಕಲಿತರೆ ಸಾಕಾ?

ಇನ್ನೊಂದು ಪ್ರಶ್ನೆ. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಡೆಯುವ ಜೆಎಲ್‌ಪಿಟಿ ಎನ್5 (ಜಪಾನೀಸ್ ಭಾಷೆಯ ಆರಂಭಿಕ ಹಂತದ) ಪರೀಕ್ಷೆ ಈ ವರ್ಷವೇ ಬರೆಯಲಾ? ಮುಂದಿನ ವರ್ಷ ಎಸ್‌ಎಸ್‌ಎಲ್‌ಸಿ, ಆಗ ಸಮಯ ಸಿಗುವುದಿಲ್ಲ. ಆ ಪರೀಕ್ಷೆಯಲ್ಲಿ ಕೇಳಿಸಿಕೊಂಡು ಉತ್ತರಿಸುವ ಭಾಗ ಇದೆ, ಮಾತನಾಡುವ ಭಾಗವೇ ಇಲ್ಲ. ನನಗೆ ಮಾತನಾಡಲೂ ಬರಬೇಕು ಅಂತ ತುಂಬಾ ಆಸೆ. ಶಾಲೆಯಲ್ಲಿದ್ದಾಗಲೇ ಹೀಗೆ ತಾವಾಗಿಯೇ ಕಲಿತ ಅಕ್ಕಂದಿರು, ಅಣ್ಣಂದಿರು ಇದ್ದರೆ ದಯವಿಟ್ಟು ಹೇಳಿ. ಮಾತನಾಡುವ ಅಭ್ಯಾಸ ಹೇಗೆ ಮಾಡಿದಿರಿ? ಹೋಂವರ್ಕ್ ಮುಗಿದ ಮೇಲೆ ದಿನಕ್ಕೆ ಎಷ್ಟು ಹೊತ್ತು ಕೊಡುತ್ತಿದ್ದಿರಿ?