ಯಾವುದನ್ನು ತಡೆಯುವ ಗೋಡೆ? ಸೀವಾಲ್, ಗ್ರೋಯ್ನ್, ಬ್ರೇಕ್‌ವಾಟರ್‌ಗೆ ಕನ್ನಡ ಬೇಕು

ಗೆಳೆಯರಿಗೆ ನಮಸ್ಕಾರ.

ಕರಾವಳಿ ಎಂಜಿನಿಯರಿಂಗ್ ಸಂಶೋಧನೆಯೊಂದರ ಕನ್ನಡ ಸಾರಾಂಶ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದುವವರು ಕಡಲ ದಂಡೆಯ ಪಂಚಾಯಿತಿಯವರು, ಮೀನುಗಾರರ ಸಂಘದವರು. ಮೂಲದಲ್ಲಿ ಸೀವಾಲ್, ಗ್ರೋಯ್ನ್, ಬ್ರೇಕ್‌ವಾಟರ್, ಜೆಟ್ಟಿ ಎಂದು ಬೇರೆ ಬೇರೆ ಹೆಸರುಗಳಿವೆ. ಕನ್ನಡಕ್ಕೆ ತಂದವರು ಜೆಟ್ಟಿಯೊಂದನ್ನು ಬಿಟ್ಟು ಎಲ್ಲದಕ್ಕೂ ‘ತಡೆಗೋಡೆ’ ಎಂದು ಬರೆದು ಕೈ ತೊಳೆದುಕೊಂಡಿದ್ದಾರೆ. ಅವರನ್ನು ಬೈದೂ ಪ್ರಯೋಜನವಿಲ್ಲ, ಪತ್ರಿಕೆಗಳಲ್ಲಿ ಬರುವುದೂ ಹಾಗೇ. ಘಾಟಿಯಲ್ಲಿ ಗುಡ್ಡ ಜರಿಯದಂತೆ ಕಟ್ಟಿದ್ದೂ ತಡೆಗೋಡೆ, ಸೇತುವೆ ಅಂಚಿನದ್ದೂ ತಡೆಗೋಡೆ, ಸಮುದ್ರಕ್ಕೆ ಸುರಿದ ಕಲ್ಲೂ ತಡೆಗೋಡೆ.

ಆದರೆ ಕಡಲಿನ ವಿಷಯದಲ್ಲಿ ಇವು ಮಾಡುವ ಕೆಲಸ ಒಂದೇ ಅಲ್ಲ. ಸೀವಾಲ್ ದಡದ ಉದ್ದಕ್ಕೆ ಇರುತ್ತದೆ. ಹಿಂದಿರುವ ಮನೆ, ತೋಟ, ರಸ್ತೆ ಉಳಿಯಲಿ ಎಂಬುದಷ್ಟೇ ಅದರ ಗುರಿ. ಮರವಂತೆಯಲ್ಲಿ ಒಂದು ಪಕ್ಕ ಸೌಪರ್ಣಿಕಾ, ಇನ್ನೊಂದು ಪಕ್ಕ ಸಮುದ್ರ, ನಡುವೆ ಹೆದ್ದಾರಿ ಇದೆಯಲ್ಲ, ಆ ಹೆದ್ದಾರಿಯನ್ನು ಕಾಯಲು ಸುರಿದ ಕಲ್ಲು ಈ ಜಾತಿಯದು. ಗ್ರೋಯ್ನ್ ದಡದಿಂದ ಸಮುದ್ರದೊಳಕ್ಕೆ ಕೈ ಚಾಚಿದಂತೆ ಇರುತ್ತದೆ. ದಡದ ಗುಂಟ ಸಾಗುವ ಮರಳನ್ನು ಅದು ಹಿಡಿದು ನಿಲ್ಲಿಸುತ್ತದೆ. ಬ್ರೇಕ್‌ವಾಟರ್ ಅಲೆಯ ಜೋರನ್ನು ಮುರಿದು, ಒಳಗೆ ಹಡಗು ದೋಣಿಗಳಿಗೆ ಶಾಂತ ನೀರು ಮಾಡಿಕೊಡುತ್ತದೆ. ಪಣಂಬೂರಿನಲ್ಲಿ ನವಮಂಗಳೂರು ಬಂದರಿನ ಬಾಯಿಯ ಎರಡೂ ಬದಿಗೆ ಚಾಚಿರುವುದು ಇದೇ.

ಹೆಸರು ಹೇಗಿದ್ದರೇನು ಅನ್ನುವವರಿಗೆ ಕಾರವಾರದ ಉದಾಹರಣೆ ಕೊಡುತ್ತೇನೆ. 2020ರ ಜನವರಿಯಲ್ಲಿ ಸಾಗರಮಾಲಾ ಯೋಜನೆಯ ಬಂದರು ವಿಸ್ತರಣೆ ವಿರುದ್ಧ ಅಲ್ಲಿನ ಮೀನುಗಾರರು ಬೀದಿಗಿಳಿದರು. ಟ್ಯಾಗೋರ್ ಕಡಲತೀರದ ಬಳಿ ಕಟ್ಟಲು ಹೊರಟಿದ್ದು ಬ್ರೇಕ್‌ವಾಟರ್. ‘ತಡೆಗೋಡೆ ಬೇಡ ಎಂದು ಮೀನುಗಾರರ ಹೋರಾಟ’ ಎಂದು ಬರೆದರೆ ಘಟ್ಟದ ಮೇಲೆ ಓದುವವನು ಏನು ಅಂದುಕೊಳ್ಳುತ್ತಾನೆ? ಇವರ ಮನೆ ಉಳಿಸಲು ಗೋಡೆ ಕಟ್ಟಿದರೆ ಇವರೇ ಬೇಡ ಅಂತಾರಲ್ಲ, ಅಂತ ತಾನೇ? ಅದು ಬಂದರಿಗಾಗಿ ಕಟ್ಟುವ ಗೋಡೆ, ಅದರಿಂದ ತಮ್ಮ ಬಲೆ ಎಳೆಯುವ ಮರಳದಂಡೆಗೇ ಕುತ್ತು ಎಂಬುದು ಅವರ ತಕರಾರು. ಅದು ಆ ಪದದಲ್ಲಿ ಕಾಣುವುದೇ ಇಲ್ಲ.

ಮರಳಿನ ಮಾತು ಬಂದರೆ ಚೆನ್ನೈ ನೋಡಬೇಕು. 1876ರಲ್ಲಿ ಅಲ್ಲಿ ಬಂದರಿನ ಗೋಡೆ ಕಟ್ಟಲು ಶುರು ಮಾಡಿದರು. ಆ ಕರಾವಳಿಯಲ್ಲಿ ವರ್ಷದ ಒಟ್ಟು ಲೆಕ್ಕದಲ್ಲಿ ಮರಳು ದಕ್ಷಿಣದಿಂದ ಉತ್ತರಕ್ಕೆ ಹೋಗುತ್ತದೆ. ಗೋಡೆ ಅಡ್ಡ ಬಂತು, ಮರಳು ದಕ್ಷಿಣದಲ್ಲೇ ನಿಂತಿತು, ಮರೀನಾ ದಂಡೆ ಅಗಲವಾಗುತ್ತಾ ಹೋಯಿತು. ಉತ್ತರದ ರಾಯಪುರಂ ಕಡೆಗೆ ಬರಬೇಕಾದ ಮರಳು ಬರಲಿಲ್ಲ, ಅಲ್ಲಿ ದಡ ಕೊರೆಯಿತು. ಅಲೆ ಮುರಿಯಲು ಕಟ್ಟಿದ್ದು ಮರಳನ್ನೂ ಹಿಡಿಯಿತು ಅನ್ನಿ. ಹಾಗಾಗಿ ಅಲೆಗೆ ಒಂದು ಪದ, ಮರಳಿಗೆ ಒಂದು ಪದ ಇದ್ದರೆ ಇದನ್ನು ಎರಡೇ ಸಾಲಿನಲ್ಲಿ ಹೇಳಬಹುದು.

ನನ್ನ ಸಲಹೆ ಇದು. ಬ್ರೇಕ್‌ವಾಟರ್‌ಗೆ ‘ಅಲೆತಡೆ’, ಗ್ರೋಯ್ನ್‌ಗೆ ‘ಮರಳುತಡೆ’, ಸೀವಾಲ್‌ಗೆ ‘ದಂಡೆಗೋಡೆ’. ‘ಅಲೆ ತಡೆಗೋಡೆ’ ಎಂಬ ರೂಪ ಈಗಾಗಲೇ ಪತ್ರಿಕೆಗಳಲ್ಲಿ ಇದೆ, ಅದನ್ನು ಕತ್ತರಿಸಿದ್ದೇನೆ ಅಷ್ಟೆ. ‘ತರಂಗರೋಧಕ’ ಅಂತ ಯಾರೂ ಸೂಚಿಸಬೇಡಿ, ದಯವಿಟ್ಟು.

ಜೆಟ್ಟಿಯದು ಬೇರೆಯೇ ತಕರಾರು. ಅಮೆರಿಕದ ಪುಸ್ತಕಗಳಲ್ಲಿ ನದಿ ಕಡಲು ಸೇರುವ ಅಳಿವೆಯ ಎರಡೂ ಬದಿಗೆ, ಹೂಳು ತುಂಬದಂತೆ ಕಟ್ಟುವ ಗೋಡೆಗೆ ಜೆಟ್ಟಿ ಅನ್ನುತ್ತಾರೆ. ನಮ್ಮಲ್ಲಿ ಜೆಟ್ಟಿ ಅಂದರೆ ದೋಣಿ ಕಟ್ಟಿ ಮೀನು ಇಳಿಸುವ ಜಾಗ. ಮಂಗಳೂರಿನವರ ಬಾಯಲ್ಲಿ ಅದು ‘ಧಕ್ಕೆ’. ‘ಅಳಿವೆಯ ಎರಡೂ ಬದಿ ಜೆಟ್ಟಿ ನಿರ್ಮಾಣ’ ಎಂದು ಸಾರಾಂಶದಲ್ಲಿದೆ. ಮೀನುಗಾರರು ಇದನ್ನು ಓದಿ ಖುಷಿಪಟ್ಟು, ಆಮೇಲೆ ಕಲ್ಲು ರಾಶಿ ನೋಡಿದರೆ ಜಗಳಕ್ಕೆ ಬರುತ್ತಾರೆ! ಇಲ್ಲಿ ‘ಅಳಿವೆಗೋಡೆ’ ಸಾಕು ಅಂತ ನನಗನ್ನಿಸುತ್ತದೆ.

‘ಕೊರೆತ’ವನ್ನೂ ಎರಡು ಮಾಡಬೇಕು. ಕಡಲ್ಕೊರೆತ ಎಲ್ಲರಿಗೂ ಗೊತ್ತು. ಸ್ಕೌರ್ ಅನ್ನುವುದು ಬೇರೆ. ಅಲೆ ಗೋಡೆಗೆ ಬಡಿದು ವಾಪಸ್ ಹೋಗುವಾಗ ಗೋಡೆಯ ಬುಡದ ಮರಳನ್ನು ತೋಡುತ್ತದೆ. ಬುಡ ಟೊಳ್ಳಾಗಿ ಕಲ್ಲು ಕೆಳಕ್ಕೆ ಜಾರುತ್ತದೆ. ಸುರಿದ ಕಲ್ಲು ಸಮುದ್ರಪಾಲು ಎಂದು ಮಳೆಗಾಲದಲ್ಲಿ ಓದುತ್ತೇವಲ್ಲ, ಎಷ್ಟೋ ಸಲ ಅದರ ಹಿಂದಿನ ಕತೆ ಇದು. ‘ಬುಡಕೊರೆತ’ ಅಂದರೆ ವಿವರಣೆಯೇ ಬೇಕಾಗಿಲ್ಲ.

ಅಲೆ ಮುರಿಯಲು ಕಲ್ಲಿನ ಬದಲು ಹಾಕುವ ನಾಲ್ಕು ಕಾಲಿನ ಟೆಟ್ರಾಪಾಡ್‌ನ ಹೆಸರು ಹಾಗೇ ಇರಲಿ. ಎಲ್ಲರ ಬಾಯಲ್ಲೂ ಕೂತಿದೆ. ಸುಮ್ನೆ ಒಂದು ಮಾತು: ಹೇಗೆ ಎಸೆದರೂ ಒಂದು ಕಾಲು ಮೇಲಕ್ಕೆ ನಿಲ್ಲುವ ಆ ಕಾಂಕ್ರೀಟು ತುಂಡು ನೋಡಿದಾಗಲೆಲ್ಲ ನೆಗ್ಗಿಲಮುಳ್ಳು ನೆನಪಾಗುತ್ತದೆ. 1950ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಹುಟ್ಟಿದ್ದು ಅದು. ದಕ್ಷಿಣ ಆಫ್ರಿಕಾದವರು 1960ರ ದಶಕದಲ್ಲಿ ತಮ್ಮದೇ ಆಕಾರ ಮಾಡಿ ‘ಡೋಲೊಸ್’ ಎಂದು ಹೆಸರಿಟ್ಟರು. ಅದು ಅಲ್ಲಿ ಮಕ್ಕಳು ಆಡುವ ಮೂಳೆಯ ಹೆಸರು. ಇವೆಲ್ಲ ಯಾಕೆ ಬೇಕಾದವು ಎಂಬುದಕ್ಕೆ, ಕಲ್ಲಿನ ತೂಕ ಲೆಕ್ಕ ಹಾಕುವ ಹಡ್ಸನ್ ಸೂತ್ರ ಸಾಕು. ಅಲೆಯ ಎತ್ತರ ಎರಡು ಪಟ್ಟಾದರೆ ಹೊರಮೈಗೆ ಹಾಕುವ ಹೊದಿಕೆ ಕಲ್ಲಿನ ತೂಕ ಎಂಟು ಪಟ್ಟು ಬೇಕು. 2 ಟನ್ ಇದ್ದದ್ದು 16 ಟನ್. ಅಷ್ಟು ದೊಡ್ಡ ಕಲ್ಲು ಎಬ್ಬಿಸಿ ಲಾರಿಗೆ ಹೇರುವುದು ಯಾವ ಕ್ವಾರಿಯವರಿಗೂ ಸುಲಭವಲ್ಲ. ‘ಹೊದಿಕೆ ಕಲ್ಲು’, ಒಳಗಿನದಕ್ಕೆ ‘ತಿರುಳು’ ಎಂದು ಬಳಸಿದ್ದೇನೆ, ಸರಿ ಅಲ್ವಾ?

ನನಗೆ ಜಾಸ್ತಿ ಚಿಂತೆ ಇರುವುದು ‘ಗಮನಾರ್ಹ ಅಲೆ ಎತ್ತರ’ದ ಬಗ್ಗೆ. ಸಿಗ್ನಿಫಿಕೆಂಟ್ ಎಂಬುದರ ನೇರ ಅನುವಾದ, ಅರ್ಥ ಸೊನ್ನೆ. ಬಂದ ಅಲೆಗಳಲ್ಲಿ ಅತಿ ಎತ್ತರದವು ಎನ್ನಬಹುದಾದ ಮೂರನೇ ಒಂದು ಪಾಲು ಅಲೆಗಳನ್ನು ತೆಗೆದುಕೊಂಡು, ಅವುಗಳ ಸರಾಸರಿ ಹಾಕಿದರೆ ಸಿಗುವ ಅಂಕಿ ಇದು. ಅಂದರೆ 2 ಮೀಟರ್ ಎಂದು ಬರೆದಿದ್ದರೂ ಅದಕ್ಕಿಂತ ಎತ್ತರದ ಅಲೆ ಬರುತ್ತದೆ, ಒಮ್ಮೊಮ್ಮೆ ಎರಡು ಪಟ್ಟು ಹತ್ತಿರಕ್ಕೂ ಹೋಗುತ್ತದೆ. ದೋಣಿ ಇಳಿಸುವವರಿಗೆ ಇದು ತಿಳಿಯಬೇಕು. ‘ದೊಡ್ಡ ಅಲೆಗಳ ಸರಾಸರಿ’ ಎಂದು ಹಾಕಿದ್ದೇನೆ. ಉದ್ದವಾಯಿತು, ಆದರೆ ಸುಳ್ಳಲ್ಲ. ಇದಕ್ಕಿಂತ ಚಿಕ್ಕದು ಹೊಳೆದರೆ ಹೇಳಿ.

ಕೊನೆಗೆ ಉತ್ತರ ಕನ್ನಡದವರಿಗೆ ಒಂದು ಕೇಳಿಕೆ. ಅಘನಾಶಿನಿ ನದಿಯ ಗಜನಿ ಗದ್ದೆಗಳಲ್ಲಿ (ಉಬ್ಬರದ ಉಪ್ಪುನೀರು ಮುಟ್ಟುವ ತಗ್ಗು ಗದ್ದೆ) ಕಗ್ಗ ಭತ್ತ ಬೆಳೆಯುವವರು ಉಪ್ಪುನೀರು ನುಗ್ಗದಂತೆ ತಲೆಮಾರುಗಳಿಂದ ಕಟ್ಟೆ ಕಟ್ಟಿಕೊಂಡು ಬಂದಿದ್ದಾರೆ. ಉಬ್ಬರಕ್ಕೆ ಮುಚ್ಚಿ ಇಳಿತಕ್ಕೆ ತೆರೆಯುವ ಬಾಗಿಲಿಗೆ, ಅದರ ಹಲಗೆಗೆ, ಕಟ್ಟೆಯ ಬುಡಕ್ಕೆ, ಒಡೆದಾಗ ಮೆತ್ತುವ ಮಣ್ಣಿಗೆ ನಿಮ್ಮ ಮನೆಯಲ್ಲಿ ಏನೇನು ಹೆಸರಿದೆ? ತುಳು, ಕೊಂಕಣಿ ಪದವಾದರೂ ಆದೀತು. ಊರಿನ ಹೆಸರು ಜೊತೆಗೆ ಬರೆಯಿರಿ.